ತೀವ್ರ ಮಾನಸಿಕ ಕಾಯಿಲೆ ಇರೋರಿಗೆ ಕೆಲಸ, ಕೆಲಸದಲ್ಲಿ ಒಬ್ಬರ ಜೊತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಕಿಜೋಫ್ರೀನಿಯಾ (ಇಲ್ಲದ ಧ್ವನಿ ಕೇಳಿಸೋದು, ವಿಪರೀತ ಅನುಮಾನ ಬರೋ ಕಾಯಿಲೆ), ಬೈಪೋಲಾರ್ (ಮನಸ್ಥಿತಿ ವಿಪರೀತ ಏರಿ ಇಳಿಯೋ ಕಾಯಿಲೆ), ಮತ್ತೆ ಮತ್ತೆ ಬರೋ ತೀವ್ರ ಡಿಪ್ರೆಷನ್, ಇಂಥ ಕಾಯಿಲೆ ಇರೋರಿಗೆ ಕೆಲಸ ಹುಡುಕೋಕೆ ಸಹಾಯ ಮಾಡೋದು, ಸೇರಿದ್ಮೇಲೆ ಜೊತೆಗಿರೋದು, ಒಂಬತ್ತು ವರ್ಷದಿಂದ ನನ್ನ ಕೆಲಸ ಇದೇ. ಒಪಿಡಿ ಮುಂದಿನ ಬೆಂಚಲ್ಲಿ, ರಾತ್ರಿ ಹತ್ತರ ಮೇಲೆ ಬರೋ ವಾಯ್ಸ್ ಮೆಸೇಜಲ್ಲಿ, ಕೆಲವು ಸಲ ಅಮ್ಮಂದಿರು ಕೈಯಲ್ಲೇ ಬರೆದು ಕಳಿಸೋ ಕಾಗದದಲ್ಲಿ ಅದೇ ಪ್ರಶ್ನೆಗಳು ತಿರುಗಿ ಬರ್ತಾನೇ ಇರ್ತವೆ. ಅವರು ಕೇಳಿದ ಮಾತಲ್ಲೇ ಇಲ್ಲಿ ಹಾಕಿದೀನಿ.

## ಶುರುವಿನ ಪ್ರಶ್ನೆಗಳು

“ಸಪೋರ್ಟೆಡ್ ಎಂಪ್ಲಾಯ್‌ಮೆಂಟ್ ಅಂತೀರಲ್ಲ ಮೇಡಂ, ಆಸ್ಪತ್ರೇಲಿ ಮೇಣದಬತ್ತಿ ಮಾಡಿಸ್ತಾರಲ್ಲ ಅದೇನಾ?”

ಅದು ಬೇರೆ, ಇದು ಬೇರೆ. ಮೇಣದಬತ್ತಿ, ಪೇಪರ್ ಕವರ್, ಬೇಕರಿ, ಟೈಲರಿಂಗ್ ಇವೆಲ್ಲ ಆಸ್ಪತ್ರೆ ಅಥವಾ ಡೇ ಕೇರ್ ಒಳಗೆ ನಡೆಯೋ ತರಬೇತಿ, ಅದನ್ನ ಕಡೆಗಣಿಸಬೇಡಿ, ಎಷ್ಟೋ ಜನ ವರ್ಷಗಟ್ಟಲೆ ರೂಮಲ್ಲೇ ಇದ್ದು ಮತ್ತೆ ಬೆಳಿಗ್ಗೆ ಎದ್ದು ಸ್ನಾನ ಮಾಡಿ ಬಸ್ ಹತ್ತೋಕೆ ಶುರು ಮಾಡೋದೇ ಅಲ್ಲಿಗೆ ಹೋಗೋಕೆ. ನಾನು ಹೇಳ್ತಿರೋದು ಹೊರಗಿನ ಕೆಲಸ. ಊರಲ್ಲಿ ಯಾರು ಬೇಕಾದ್ರೂ ಹೋಗಿ ಕೇಳಬಹುದಾದ ಕೆಲಸ, ಪಕ್ಕದಲ್ಲಿ ಅದೇ ಕೆಲಸ ಮಾಡೋರಿಗೆ ಎಷ್ಟು ಸಂಬಳವೋ ಅಷ್ಟೇ ಸಂಬಳ. ಹುಡುಕೋವಾಗ, ಸೇರೋವಾಗ, ಸೇರಿದ ಮೇಲೂ ಒಬ್ಬರು ಬೆನ್ನಿಗೆ ಇರ್ತಾರೆ, ಆ ಒಬ್ಬರನ್ನ ಕೆಲವು ಕಡೆ ಜಾಬ್ ಕೋಚ್ ಅಂತಾರೆ. ಇದರಲ್ಲಿ ಎಲ್ಲಕ್ಕಿಂತ ಹೆಚ್ಚು ಪರೀಕ್ಷೆ ಆಗಿರೋ ಪದ್ಧತಿ ಐಪಿಎಸ್, ಪೊಲೀಸ್ ಐಪಿಎಸ್ ಅಲ್ಲ, ಇಂಡಿವಿಜುಯಲ್ ಪ್ಲೇಸ್‌ಮೆಂಟ್ ಅಂಡ್ ಸಪೋರ್ಟ್. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಡೆಬೊರಾ ಬೆಕರ್ ಮತ್ತೆ ರಾಬರ್ಟ್ ಡ್ರೇಕ್ ಸೇರಿ 1990ರ ಆಸುಪಾಸಲ್ಲಿ ರೂಪಿಸಿದ್ದು.

“ಪೂರ್ತಿ ಗುಣ ಆಗ್ಲಿ, ಆಮೇಲೆ ಕಳಿಸ್ತೀವಿ. ಈಗ್ಲೇ ಏನು ಅವಸರ?”

ಅತೀ ಹೆಚ್ಚು ಕೇಳೋ ಪ್ರಶ್ನೆ ಇದೇ, ಅತೀ ಹೆಚ್ಚು ವರ್ಷ ಕಳೆದುಹೋಗೋದೂ ಇದರಿಂದಾನೇ. ‘ಪೂರ್ತಿ’ ಅನ್ನೋ ದಿನಕ್ಕೆ ಕಾಯ್ತಾ ಕಾಯ್ತಾ ಇಪ್ಪತ್ನಾಲ್ಕರ ಹುಡುಗ ಮೂವತ್ತೈದಾಗಿರ್ತಾನೆ, ಫ್ರೆಂಡ್ಸ್ ಎಲ್ಲ ಮದುವೆ ಆಗಿ ಮಕ್ಕಳಾಗಿ ಫೋನ್ ಮಾಡೋದೇ ಬಿಟ್ಟಿರ್ತಾರೆ, ಮನೇಲಿ ‘ಅವನಿಗೆ ಹುಷಾರಿಲ್ಲ’ ಅನ್ನೋದೊಂದೇ ಅವನ ಪರಿಚಯ ಆಗಿರುತ್ತೆ. ಹಳೇ ಪದ್ಧತೀಲಿ ಮೊದಲು ತರಬೇತಿ, ಆಮೇಲೆ ಕೆಲಸ. ಐಪಿಎಸ್ ಅದನ್ನ ತಿರುಗಿಸಿ ಹಾಕ್ತು, ಕೆಲಸ ಬೇಕು ಅಂತ ಆ ವ್ಯಕ್ತಿ ಹೇಳಿದ್ರೆ ಸಾಕು, ಸುಮಾರು ಒಂದು ತಿಂಗಳೊಳಗೆ ಮೊದಲ ಓನರ್ ಮುಂದೆ ಕೂತಿರಬೇಕು, ಕಲಿಯೋದನ್ನ ಆ ಕೆಲಸದಲ್ಲೇ ಕಲಿಯೋದು.

ಇದು ಬರೀ ನನ್ನ ಅಭಿಪ್ರಾಯ ಅಲ್ಲ. ಲಂಡನ್, ಜ್ಯೂರಿಕ್, ಸೋಫಿಯಾ ಸೇರಿ ಯುರೋಪಿನ ಆರು ಕಡೆ 312 ಜನರನ್ನ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ನೋಡಿದ್ರು, 2007ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬಂತು. ನೇರ ಕೆಲಸಕ್ಕೆ ಹೋಗೋಕೆ ಸಹಾಯ ಸಿಕ್ಕವರಲ್ಲಿ 55% ಜನ ಕೆಲಸ ಮಾಡಿದ್ರು, ತರಬೇತಿ ಕೇಂದ್ರಕ್ಕೆ ಹೋದವರಲ್ಲಿ 28%.

“ಕೆಲಸದ ಟೆನ್ಷನ್‌ಗೆ ಕಾಯಿಲೆ ಮತ್ತೆ ಜಾಸ್ತಿ ಆಗಲ್ವಾ ಅಕ್ಕ?”

ಈ ಭಯ ನನಗೆ ಅರ್ಥ ಆಗುತ್ತೆ, ಒಂದು ಸಲ ಮಗನ್ನ ಆ ಸ್ಥಿತೀಲಿ ನೋಡಿದ ತಾಯಿಗೆ ಆ ಭಯ ಹೋಗೋಕೆ ಸಾಧ್ಯಾನೇ ಇಲ್ಲ. ಆದ್ರೆ ಮೇಲೆ ಹೇಳಿದ ಅದೇ ಅಧ್ಯಯನದಲ್ಲಿ ಮತ್ತೆ ಆಸ್ಪತ್ರೆಗೆ ಸೇರಿದವರು ನೇರ ಕೆಲಸದ ಗುಂಪಲ್ಲಿ 20%, ತರಬೇತಿ ಗುಂಪಲ್ಲಿ 31%. ಅಂದ್ರೆ ಕೆಲಸಕ್ಕೆ ಕಳಿಸಿದ್ದಕ್ಕೆ ಹೆಚ್ಚಾಗಲಿಲ್ಲ. ನಾನು ಕಣ್ಣಾರೆ ಕಂಡಿರೋದೂ ಹೀಗೇ, ಸುಮ್ನೆ ಮನೇಲಿ ಕೂರೋದೂ ಒಂದು ಟೆನ್ಷನ್ನೇ, ಮಧ್ಯಾಹ್ನ ಮೂರು ಗಂಟೆಗೆ ಅಪ್ಪ ಬಂದು ‘ಇನ್ನೂ ಮಲಗಿದೀಯಾ’ ಅನ್ನೋದೂ ಟೆನ್ಷನ್ನೇ. ಕಾಯಿಲೆ ಕೆರಳಿಸೋದು ಕೆಟ್ಟ ಕೆಲಸ, ಕಿರುಚೋ ಸೂಪರ್‌ವೈಸರ್, ನಿದ್ದೆಗೆಡಿಸೋ ಪಾಳಿ, ಮಾತ್ರೆ ತಪ್ಪಿಸೋದು. ಅದನ್ನೆಲ್ಲ ನೋಡಿಕೊಳ್ಳೋದಕ್ಕೇ ಜೊತೆಗೆ ಒಬ್ಬರು ಇರೋದು.

“ನನ್ನ ಮಗ ಬಿಇ ಮಾಡಿದಾನೆ, ಅವನನ್ನ ಹೋಗಿ ಅಂಗಡೀಲಿ ನಿಲ್ಲಿಸ್ತೀರಾ?”

ಅವನಿಗೆ ಏನು ಇಷ್ಟ ಅಂತ ಅವನನ್ನೇ ಕೇಳಿದೀರಾ? ಇದನ್ನ ಬೈಯೋಕೆ ಹೇಳ್ತಿಲ್ಲ, ನಿಜವಾಗ್ಲೂ ಕೇಳ್ತಿದೀನಿ. ಕೆಲವರಿಗೆ ಕಂಪ್ಯೂಟರ್ ಕೆಲಸಕ್ಕೇ ವಾಪಸ್ ಹೋಗಬೇಕು, ಅವರಿಗೆ ಅದನ್ನೇ ಹುಡುಕ್ತೀವಿ, ಪ್ಯಾಕಿಂಗ್ ಕೆಲಸಕ್ಕೆ ಸೇರಿಸಿ ಕೈ ತೊಳ್ಕೊಂಡ್ರೆ ಅದು ಅನ್ಯಾಯ. ಇನ್ನು ಕೆಲವರು ‘ಕೋಡಿಂಗ್ ಬೇಡ ಅಕ್ಕ, ಗಿಡ ನೋಡ್ಕೊಳ್ಳೋ ಕೆಲಸ ಇದ್ರೆ ಹೇಳಿ’ ಅಂತಾರೆ. ಮನಸ್ಸಿಗೆ ಹಿಡಿಸಿದ ಕೆಲಸದಲ್ಲಿ ಜನ ಹೆಚ್ಚು ದಿನ ನಿಲ್ತಾರೆ, ಹಾಗಾಗಿ ಅಪ್ಪ ಅಮ್ಮನ ಆಸೆಗೂ, ನಮ್ಮ ಹತ್ರ ಖಾಲಿ ಇರೋ ಪೋಸ್ಟಿಗೂ ಮುಂಚೆ ಅವರ ಇಷ್ಟ.

“ಕರ್ನಾಟಕದಲ್ಲಿ ಇದು ಎಲ್ಲಿ ಸಿಗುತ್ತೆ? ನಾವು ಜಿಲ್ಲೇಲಿ ಇರೋದು”

ಮುಚ್ಚುಮರೆ ಇಲ್ಲದೆ ಹೇಳ್ತೀನಿ, ಪುಸ್ತಕದಲ್ಲಿ ಇರೋ ಹಾಗೆ ಪೂರ್ತಿ ಸೇವೆ ಪ್ರತಿ ಜಿಲ್ಲೇಲಿ ಇಲ್ಲ. ಆದ್ರೆ ಬಾಗಿಲುಗಳು ಇವೆ. ಬೆಂಗಳೂರಲ್ಲಿ ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗ ಇದೆ, 1964ರಲ್ಲಿ ಶುರುವಾದ ಮೆಡಿಕೊ ಪ್ಯಾಸ್ಟೋರಲ್ ಅಸೋಸಿಯೇಷನ್ ಇದೆ, ರಿಚ್ಮಂಡ್ ಫೆಲೋಶಿಪ್ ಇದೆ, ಇವೆರಡೂ ಮಾನಸಿಕ ಕಾಯಿಲೆ ಇರೋರ ಪುನರ್ವಸತಿ ಸಂಸ್ಥೆಗಳು. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆ. ಜಿಲ್ಲೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಇರುತ್ತೆ, ಅಲ್ಲಿರೋ ಸೋಷಿಯಲ್ ವರ್ಕರ್‌ನ ಹೆಸರು ಹಿಡಿದು ಕೇಳಿ, ಮಾನಸಧಾರ ಅನ್ನೋ ಹಗಲು ಆರೈಕೆ ಕೇಂದ್ರ ನಿಮ್ಮ ಜಿಲ್ಲೇಲಿ ನಡೀತಿದೆಯಾ ಅಂತಾನೂ ಅವರಿಗೇ ಗೊತ್ತಿರುತ್ತೆ. ಯಾರನ್ನ ಕೇಳಬೇಕು ಅಂತಾನೇ ಗೊತ್ತಿಲ್ಲದಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

## ಕೆಲಸ ಹುಡುಕೋವಾಗ

“ಇಂಟರ್‌ವ್ಯೂನಲ್ಲಿ ಕಾಯಿಲೆ ವಿಷ್ಯ ಹೇಳ್ಬೇಕಾ, ಮುಚ್ಚಿಡ್ಬೇಕಾ?”

ಹೇಳೋದು ಬಿಡೋದು ಆ ವ್ಯಕ್ತಿಯ ತೀರ್ಮಾನ, ನನ್ನದಲ್ಲ, ಮನೆಯವರದ್ದೂ ಅಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯಿದೆ 2017ರ 23ನೇ ಕಲಂ ಪ್ರಕಾರ ಚಿಕಿತ್ಸೆ ವಿಷ್ಯ ಗುಟ್ಟಾಗಿರೋದು ಅವರ ಹಕ್ಕು. ನಾನು ಕೂತು ಮಾಡಿಸೋದು ಇಷ್ಟು: ಹೇಳಿದ್ರೆ ಏನು ಸಿಗುತ್ತೆ, ಏನು ಕಳ್ಕೋತೀವಿ ಅಂತ ಒಂದು ಹಾಳೇಲಿ ಬರೆಯೋದು. ಹೇಳಿದ್ರೆ ತಡವಾಗಿ ಬರೋಕೆ, ಒಪಿಡಿ ದಿನ ರಜೆಗೆ ಬಾಯಿಬಿಟ್ಟು ಕೇಳಬಹುದು, ನಾನೂ ಹೋಗಿ ಮಾತಾಡಬಹುದು. ಹೇಳದಿದ್ರೆ ನಾನು ಬಾಗಿಲಾಚೆ, ಸಂಜೆ ಫೋನಲ್ಲಿ ಮಾತ್ರ ಸಿಗ್ತೀನಿ. ಮಧ್ಯದ ದಾರೀನೂ ಇದೆ, ಕಾಯಿಲೆ ಹೆಸರು ಎತ್ತದೆ ‘ನನಗೆ ಒಂದು ಆರೋಗ್ಯ ಸಮಸ್ಯೆ ಇದೆ, ಚಿಕಿತ್ಸೆ ತಗೋತಿದೀನಿ, ತಿಂಗಳಿಗೆ ಒಂದು ದಿನ ಆಸ್ಪತ್ರೆಗೆ ಹೋಗಬೇಕು’ ಅನ್ನೋದು. ಬಹಳ ಜನ ಇದನ್ನೇ ಆರಿಸ್ಕೋತಾರೆ.

ನನ್ನಿಂದಾನೇ ಆದ ಒಂದು ತಪ್ಪು ಹೇಳ್ತೀನಿ. ಮೊದಲ ವರ್ಷ, ಒಬ್ಬ ಹುಡುಗನ ಸೂಪರ್‌ವೈಸರ್ ತುಂಬಾ ಒಳ್ಳೆಯವರು ಅನ್ನಿಸ್ತು, ಅವನನ್ನ ಕೇಳದೇ ಅವರಿಗೆ ಕಾಯಿಲೆ ಹೆಸರು ಹೇಳ್ಬಿಟ್ಟೆ, ಸಹಾಯ ಆಗುತ್ತೆ ಅಂತ. ಅವರು ಯಾರಿಗೂ ಹೇಳಲಿಲ್ಲ, ನಿಜ. ಆದ್ರೆ ಮಾರನೇ ದಿನದಿಂದ ಅವನ ಜೊತೆ ಮಗು ಜೊತೆ ಮಾತಾಡೋ ಹಾಗೆ ನಿಧಾನಕ್ಕೆ ಮಾತಾಡೋಕೆ ಶುರು ಮಾಡಿದ್ರು, ಅವನಿಗೆ ಒಂದೇ ದಿನಕ್ಕೆ ಗೊತ್ತಾಯ್ತು. ಕೆಲಸ ಬಿಡಲಿಲ್ಲ, ನನ್ನ ಫೋನ್ ಎತ್ತೋದು ಬಿಟ್ಟ. ಆವತ್ತಿಂದ ಏನು ಹೇಳಬಹುದು, ಯಾರಿಗೆ, ಎಷ್ಟು ಅಂತ ಬರೆಸಿ ಸಹಿ ಹಾಕಿಸ್ಕೊಳ್ಳದೆ ನಾನು ಯಾವ ಓನರ್ ಹತ್ರಾನೂ ಹೋಗಲ್ಲ.

“ಐದು ವರ್ಷ ಗ್ಯಾಪ್ ಇದೆ, ಏನು ಮಾಡ್ತಿದ್ರಿ ಅಂತ ಕೇಳಿದ್ರೆ?”

ಸುಳ್ಳು ಕಂಪನಿ ಹೆಸರು, ಸುಳ್ಳು ಸರ್ಟಿಫಿಕೇಟ್ ಬೇಡವೇ ಬೇಡ, ಬ್ಯಾಕ್‌ಗ್ರೌಂಡ್ ಚೆಕ್‌ನಲ್ಲಿ ಸಿಕ್ಕಿಬಿದ್ರೆ ಮನಸ್ಸು ಮುರಿಯುತ್ತೆ. ‘ಆರೋಗ್ಯದ ಕಾರಣಕ್ಕೆ ಬ್ರೇಕ್ ತಗೊಂಡಿದ್ದೆ, ಈಗ ಕೆಲಸಕ್ಕೆ ಸಿದ್ಧ ಇದೀನಿ’, ಎರಡೇ ಮಾತು, ತಕ್ಷಣ ಬರೋ ಕೆಲಸದ ಬಗ್ಗೆ ಮಾತು ತಿರುಗಿಸೋದು. ಇದನ್ನ ನನ್ನ ಮುಂದೆ ಇಪ್ಪತ್ತು ಸಲ ಹೇಳಿಸ್ತೀನಿ, ಧ್ವನಿ ನಡುಗೋದು ನಿಲ್ಲೋ ತನಕ. ಮನೇಲಿದ್ದಾಗ ಅಪ್ಪನ ಅಂಗಡಿ ಲೆಕ್ಕ ಬರೆದಿದ್ರೆ, ಅಜ್ಜಿನ ನೋಡ್ಕೊಂಡಿದ್ರೆ ಅದನ್ನೂ ಹೇಳಿ, ಅದೂ ಕೆಲಸವೇ.

“ನೀವು ಓನರ್ ಹತ್ರ ಹೋಗಿ ಏನಂತ ಕೇಳ್ತೀರಾ? ಪಾಪ ಅಂತ ಕೊಡ್ತಾರಾ?”

ಪಾಪ ಅಂತ ಕೊಟ್ಟ ಕೆಲಸ ಮೂರು ವಾರ ಉಳಿಯಲ್ಲ, ನಾಲ್ಕನೇ ವಾರಕ್ಕೆ ಅವರಿಗೇ ಬೇಜಾರಾಗುತ್ತೆ. ಮೊದಲ ಸಲ ಹೋದಾಗ ನಾನು ಕೆಲಸಾನೇ ಕೇಳಲ್ಲ. ‘ಸಾರ್, ನಿಮ್ಮಲ್ಲಿ ಯಾವ ಕೆಲಸಕ್ಕೆ ಜನ ನಿಲ್ಲಲ್ಲ?’ ಅಂತ ಕೇಳ್ತೀನಿ. ಓನರ್‌ಗಳು ಅದಕ್ಕೆ ಅರ್ಧ ಗಂಟೆ ಮಾತಾಡ್ತಾರೆ. ಒಂದು ಹಾರ್ಡ್‌ವೇರ್ ಅಂಗಡೀಲಿ ಹೀಗೇ ಕೂತಿದ್ದೆ, ಯಜಮಾನರು ಒಳಗೆ ಕರ್ಕೊಂಡು ಹೋಗಿ ತೋರಿಸಿದ್ರು, ಗೋಡೆ ತುಂಬಾ ಸಣ್ಣ ಸಣ್ಣ ಡಬ್ಬ, ಸ್ಕ್ರೂ, ನಟ್ಟು, ವಾಷರ್ ಎಲ್ಲ ಬೆರೆತುಹೋಗಿ, ‘ಗಿರಾಕಿ ನಿಂತಿರ್ತಾರೆ, ಒಂದು ಮುಕ್ಕಾಲಿಂಚು ಸ್ಕ್ರೂ ಹುಡುಕೋಕೆ ಹತ್ತು ನಿಮಿಷ’ ಅಂದ್ರು. ನನ್ನ ಹತ್ರ ಒಬ್ಬರು ಇದ್ರು, ಜನರ ಜೊತೆ ಮಾತು ಕಷ್ಟ, ಆದ್ರೆ ವಿಂಗಡಿಸೋಕೆ ಕೂತ್ರೆ ಎದ್ದೇಳಲ್ಲ. ಮೂರನೇ ಸಲ ಹೋದಾಗ ಅವರ ಬಗ್ಗೆ ಹೇಳಿದೆ. ‘ಏನಾದ್ರೂ ಮಾಡ್ಕೊಂಡ್ರೆ, ಯಾರಿಗಾದ್ರೂ ಹೊಡೆದ್ರೆ?’ ಅಂತ ಕೇಳಿದ್ರು, ಕೇಳಲೇಬೇಕು, ಕೇಳೋದು ತಪ್ಪಲ್ಲ. ಚಿಕಿತ್ಸೇಲಿ ಇರೋರಲ್ಲಿ ಹೆಚ್ಚಿನವರು ಯಾರಿಗೂ ತೊಂದರೆ ಕೊಡಲ್ಲ, ಬೇರೆಯವರಿಂದ ಹಿಂಸೆ ಅನುಭವಿಸೋ ಅಪಾಯಾನೇ ಇವರಿಗೆ ಜಾಸ್ತಿ ಅಂತ ಹೇಳಿದೆ, ನನ್ನ ನಂಬರ್ ಕ್ಯಾಲೆಂಡರ್ ಮೇಲೆ ಬರೆದು ಬಂದೆ. ದಿನಕ್ಕೆ ನಾಲ್ಕು ಗಂಟೆಯಿಂದ ಶುರುವಾಯ್ತು.

## ಕೆಲಸಕ್ಕೆ ಸೇರಿದ್ಮೇಲೆ

“ಬೆಳಿಗ್ಗೆ ಏಳೋಕೇ ಆಗಲ್ಲ ಮೇಡಂ, ಮಾತ್ರೆ ಹೊಡೆದು ಹಾಕುತ್ತೆ”

ಇದು ಸೋಮಾರಿತನ ಅಲ್ಲ, ಮೊದಲು ಅದನ್ನ ಮನೆಯವರು ನಂಬಬೇಕು. ಓಲಾಂಜಪಿನ್, ಕ್ಲೋಜಪಿನ್ ತರದ ಮಾತ್ರೆಗಳು ತುಂಬಾ ಮಂಪರು ತರ್ತವೆ. ಮಾತ್ರೇನ ನೀವೇ ಕಡಿಮೆ ಮಾಡಬೇಡಿ, ಡಾಕ್ಟ್ರಿಗೆ ‘ನನಗೆ ಎಂಟೂವರೆಗೆ ಬಸ್ ಹತ್ತಬೇಕು’ ಅಂತ ಕೆಲಸದ ಟೈಮ್ ಹೇಳಿ. ಎಷ್ಟೋ ಸಲ ರಾತ್ರಿ ಹನ್ನೊಂದಕ್ಕೆ ತಗೋತಿದ್ದ ಮಾತ್ರೇನ ಎಂಟಕ್ಕೆ ತಂದ್ರೆ ಸಾಕಾಗುತ್ತೆ, ಎಷ್ಟೋ ಸಲ ಬೇರೆ ಮಾತ್ರೆ ಬೇಕಾಗುತ್ತೆ. ಡಾಕ್ಟ್ರು, ಕೆಲಸದ ಜೊತೆಗಾರರು ಒಂದೇ ತಂಡದಲ್ಲಿ ಇರಬೇಕು ಅನ್ನೋದು ಇದಕ್ಕೇ.

ಇನ್ನೂ ಮೂರು ವಿಷ್ಯ, ಇವನ್ನ ಯಾರೂ ಹೇಳಿಕೊಡಲ್ಲ. ಬೈಪೋಲಾರ್‌ಗೆ ಕೊಡೋ ಲಿಥಿಯಂ ಮಾತ್ರೆ ತಗೊಳ್ಳೋರು ಬಿಸಿಲಲ್ಲಿ, ಬಾಯ್ಲರ್ ಹತ್ರ ಬೆವರು ಸುರಿಸೋ ಕೆಲಸಕ್ಕೆ ಹೋಗೋ ಮುಂಚೆ ಡಾಕ್ಟ್ರನ್ನ ಕೇಳಲೇಬೇಕು, ಮೈಯಲ್ಲಿ ನೀರು ಕಡಿಮೆ ಆದ್ರೆ ಲಿಥಿಯಂ ರಕ್ತದಲ್ಲಿ ಏರಿ ವಿಷ ಆಗಬಹುದು, ಕೈ ಜೋರಾಗಿ ನಡುಗಿದ್ರೆ, ವಾಂತಿ ಬಂದ್ರೆ, ತೂರಾಡಿದ್ರೆ ತಕ್ಷಣ ಆಸ್ಪತ್ರೆ. ಬೈಪೋಲಾರ್ ಇರೋರಿಗೆ ನೈಟ್ ಶಿಫ್ಟ್ ಬೇಡ, ನಿದ್ದೆ ಕೆಟ್ರೆ ಮೇನಿಯಾ (ಮನಸ್ಥಿತಿ ವಿಪರೀತ ಏರೋದು) ಹಿಂದೇನೇ ಬರಬಹುದು, ಬಿಪಿಒ ಸಂಬಳ ಎಷ್ಟೇ ಇರಲಿ. ಕ್ಲೋಜಪಿನ್ ಶುರು ಮಾಡಿದ್ರೆ ಮೊದಲ 18 ವಾರ ವಾರವಾರ ರಕ್ತ ಪರೀಕ್ಷೆ ಇರುತ್ತೆ, ಸೇರೋವಾಗಲೇ ಅದಕ್ಕೆ ಟೈಮ್ ಕೇಳಿಟ್ಟುಕೊಳ್ಳಿ.

“ಇನ್ನೂ ಧ್ವನಿ ಕೇಳಿಸುತ್ತೆ ನನಗೆ. ಹೀಗಿದ್ದೂ ಕೆಲಸ ಮಾಡಬಹುದಾ?”

ಮಾಡಬಹುದು, ಮಾಡ್ತಿದಾರೆ. ಜೆರಾಕ್ಸ್ ಅಂಗಡೀಲಿ ಕೆಲಸ ಮಾಡೋ ಒಬ್ಬನ್ನ ನೋಡೋಕೆ ಹೋಗಿದ್ದೆ. ಮಷಿನ್ ಓಡ್ತಿರೋವಾಗ ಆರಾಮಾಗಿದ್ದ, ಕಾಗದ ಬಿಸಿಬಿಸಿ ಹೊರಗೆ ಬರ್ತಿದ್ದಂಗೆ ಅಂಚು ತಟ್ಟಿ ಜೋಡಿಸ್ತಿದ್ದ, ಮಷಿನ್ ನಿಂತ್ರೆ ತುಟಿ ಅಲುಗೋಕೆ ಶುರು. ‘ಸದ್ದಿದ್ದಾಗ ಅವು ಸುಮ್ನಿರ್ತವೆ ಅಕ್ಕ’ ಅಂದ. ಓನರ್ ಹತ್ರ ಕೇಳಿ ಒಂದು ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳೋಕೆ ಒಪ್ಪಿಸಿದ್ವಿ, ಸಣ್ಣಕ್ಕೆ ಹಾಡು, ಇನ್ನೊಂದು ಕಿವಿ ಗಿರಾಕಿಗೆ. ಗಿರಾಕಿ ಕಡಿಮೆ ಇರೋ ಮಧ್ಯಾಹ್ನ ಸ್ಪೈರಲ್ ಬೈಂಡಿಂಗ್ ಕೆಲಸ ಇಟ್ಟುಕೊಂಡ. ಧ್ವನಿ ಹೋಗಿಲ್ಲ. ಧ್ವನಿ ‘ಇದನ್ನ ಮಾಡು’ ಅಂತ ಆಜ್ಞೆ ಮಾಡೋಕೆ ಶುರು ಮಾಡಿದ್ರೆ, ಅಥವಾ ಮೊದಲಿಗಿಂತ ಜೋರಾದ್ರೆ ಮಾತ್ರ ಕೆಲಸಕ್ಕೆ ಮುಂಚೆ ಡಾಕ್ಟ್ರ ಹತ್ರ ಹೋಗಿ.

“ಓನರ್‌ಗೆ ದಿನಾ ಫೋನ್ ಮಾಡಿ ನಮ್ಮುಡುಗ ಹೇಗಿದಾನೆ ಅಂತ ಕೇಳಬಹುದಾ?”

ದಯವಿಟ್ಟು ಬೇಡ. ಮೂವತ್ತು ವರ್ಷದ ಮನುಷ್ಯನ ಅಪ್ಪ ದಿನಾ ಫೋನ್ ಮಾಡಿದ್ರೆ ಓನರ್ ಏನಂದ್ಕೊಳ್ಳಲ್ಲ? ಮಗ ಒಪ್ಪಿದ್ರೆ ನನ್ನನ್ನ ಕೇಳಿ. ಮನೆಯವರು ಮಾಡಬಹುದಾದ ದೊಡ್ಡ ಸಹಾಯ ಬೆಳಿಗ್ಗೆ ಡಬ್ಬಿ, ರಾತ್ರಿ ಮಾತ್ರೆ ನೆನಪಿಸೋದು, ಮೊದಲ ಸಂಬಳ ಅವನ ಕೈಯಲ್ಲೇ ಇರೋಕೆ ಬಿಡೋದು.

“ಮೂರು ತಿಂಗಳಿಗೆ ಬಿಟ್ಟುಬಂದ. ಇನ್ನು ಅವನ ಕೈಲಿ ಆಗಲ್ಲ ಅಲ್ವಾ?”

ಕಾಯಿಲೆ ಇಲ್ಲದವರೂ ಮೊದಲ ಕೆಲಸ ಬಿಟ್ಟಿದಾರೆ, ಅವರಿಗೆ ಯಾರೂ ಹೀಗೆ ಅನ್ನಲ್ಲ. ಯಾಕೆ ಬಿಟ್ಟ ಅಂತ ಕೂತು ನೋಡಬೇಕು, ಬಸ್ ದೂರವಾಯ್ತಾ, ಜೊತೆಗಿದ್ದೋರು ಆಡಿಕೊಂಡ್ರಾ, ಮಧ್ಯಾಹ್ನದ ಮೇಲೆ ಗಮನ ಹೋಗ್ತಿತ್ತಾ. ಒಬ್ಬಳು ಮೂರು ಕೆಲಸ ಬಿಟ್ಟಳು, ಮೂರೂ ಕಡೆ ಊಟದ ಹೊತ್ತಲ್ಲೇ ಸಮಸ್ಯೆ, ಎಲ್ಲರೂ ಒಟ್ಟಿಗೆ ಕೂತು ಮನೆ ಕಥೆ ಕೇಳೋದು ಅವಳಿಗೆ ತಡೆಯೋಕೆ ಆಗ್ತಿರಲಿಲ್ಲ. ನಾಲ್ಕನೇದು ಊಟದ ಬ್ರೇಕ್ ಬರದ ಅರ್ಧ ದಿನದ ಕೆಲಸ, ಈಗ ಎರಡು ವರ್ಷ ಆಯ್ತು.

## ಕಾರ್ಡು, ಕಾನೂನು, ಪಿಂಚಣಿ

“ಯುಡಿಐಡಿ ಕಾರ್ಡ್ ಮಾಡಿಸಿದ್ರೆ ಹುಚ್ಚ ಅಂತ ಸರ್ಕಾರಾನೇ ಸೀಲ್ ಹಾಕಿದ ಹಾಗಲ್ವಾ?”

ಯುಡಿಐಡಿ ಅಂದ್ರೆ ಸರ್ಕಾರ ಕೊಡೋ ಅಂಗವೈಕಲ್ಯದ ಗುರುತಿನ ಚೀಟಿ. ಕಾರ್ಡ್ ಇದೆ ಅಂತ ಎಲ್ಲರಿಗೂ ತೋರಿಸಬೇಕಿಲ್ಲ, ಬೇಕಾದಾಗ ಉಪಯೋಗಿಸಬಹುದು. ಅಂಗವಿಕಲರ ಹಕ್ಕುಗಳ ಕಾಯಿದೆ 2016ರಲ್ಲಿ ಮಾನಸಿಕ ಅಸ್ವಸ್ಥತೆಯೂ ಅಂಗವೈಕಲ್ಯವೇ. 40% ಮತ್ತು ಮೇಲಿದ್ರೆ ಸರ್ಕಾರಿ ಕೆಲಸದ 4% ಮೀಸಲಾತೀಲಿ ಪಾಲು ಇದೆ, ಆದ್ರೆ ಅದರಲ್ಲಿ 1% ಮಾತ್ರ, ಅದನ್ನೂ ಆಟಿಸಂ, ಬುದ್ಧಿಮಾಂದ್ಯತೆ, ಕಲಿಕಾ ತೊಂದರೆ, ಬಹುವಿಧ ವೈಕಲ್ಯ ಇರೋರ ಜೊತೆ ಹಂಚ್ಕೋಬೇಕು. ಅದನ್ನೊಂದನ್ನೇ ನಂಬಿ ಕೂರಬೇಡಿ. ಶೇಕಡಾ ಲೆಕ್ಕ ಹಾಕೋದು ಐಡಿಯಾಸ್ ಅನ್ನೋ ಅಳತೇಲಿ, ತನ್ನ ಕೆಲಸ ತಾನು ಮಾಡಿಕೊಳ್ಳೋದು, ಜನರ ಜೊತೆ ಒಡನಾಟ, ಮಾತು ಮತ್ತು ಗ್ರಹಿಕೆ, ದುಡಿಮೆ ಈ ನಾಲ್ಕನ್ನ ನೋಡ್ತಾರೆ, ಕಾಯಿಲೆ ಎಷ್ಟು ವರ್ಷದ್ದು ಅಂತಾನೂ ಸೇರಿಸ್ತಾರೆ. ಅರ್ಜಿ ಹಾಕೋಕೆ ಪುನರ್ವಸತಿ ಕಾರ್ಯಕರ್ತರು, ಅಂದ್ರೆ ನಿಮ್ಮ ಪಂಚಾಯ್ತಿ ವಿಆರ್‌ಡಬ್ಲ್ಯೂ ಅಥವಾ ತಾಲೂಕಿನ ಎಂಆರ್‌ಡಬ್ಲ್ಯೂ ಸಹಾಯ ಮಾಡ್ತಾರೆ, ಅವರಿಗೆ ಮಾನಸಿಕ ಕಾಯಿಲೆಯೂ ಇದರಲ್ಲಿ ಬರುತ್ತೆ ಅಂತ ನೀವೇ ನೆನಪಿಸಬೇಕಾಗಬಹುದು.

“ಸಂಬಳ ಬಂದ್ರೆ ಪಿಂಚಣಿ ನಿಂತ್ಹೋಗುತ್ತಾ?”

ಇದನ್ನ ಕೆಲಸಕ್ಕೆ ಸೇರೋ ಮುಂಚೇನೇ ಲೆಕ್ಕ ಹಾಕಬೇಕು. ರಾಜ್ಯದ ಅಂಗವಿಕಲರ ಮಾಸಾಶನಕ್ಕೆ ಆದಾಯ ಮಿತಿ ಇದೆ, ಈಗಿನ ಮಿತಿ ಎಷ್ಟು ಅಂತ ನಾಡಕಚೇರೀಲಿ ಕೇಳಿ ಬರೆದುಕೊಳ್ಳಿ. ಅಪ್ಪನೋ ಅಮ್ಮನೋ ಕೇಂದ್ರ ಸರ್ಕಾರದ ನೌಕರಿಯಲ್ಲಿದ್ರೆ ಅವರ ನಂತರ ದುಡಿಮೆ ಕಷ್ಟ ಇರೋ ಮಗನಿಗೆ ಮಗಳಿಗೆ ಜೀವನಪೂರ್ತಿ ಕುಟುಂಬ ಪಿಂಚಣಿ ಬರುತ್ತೆ, 2021ರಲ್ಲಿ ಅದರ ಆದಾಯ ಮಿತಿ ಸಡಿಲ ಮಾಡಿದ್ರು, ಬೇರೆ ಆದಾಯ ಆ ಪಿಂಚಣಿಗಿಂತ, ಅಂದ್ರೆ ನೌಕರರ ಕೊನೇ ಸಂಬಳದ 30% ಮತ್ತು ಅದರ ಮೇಲಿನ ತುಟ್ಟಿಭತ್ಯೆಗಿಂತ, ಕಡಿಮೆ ಇದ್ರೆ ಪಿಂಚಣಿ ಸಿಗುತ್ತೆ. ಅಂದ್ರೆ ಅರ್ಧ ದಿನದ ಕೆಲಸ ಮಾಡ್ತಾನೂ ಉಳಿಸಿಕೊಳ್ಳೋ ದಾರಿ ಇದೆ.

“ಕೆಲಸದಲ್ಲಿದ್ದಾಗಲೇ ಕಾಯಿಲೆ ಬಂತು. ತೆಗೆದುಹಾಕ್ತಾರಾ?”

ಸರ್ಕಾರಿ ಸಂಸ್ಥೆ ಆದ್ರೆ 2016ರ ಕಾಯಿದೆಯ 20ನೇ ಕಲಂ ಅಡ್ಡ ನಿಲ್ಲುತ್ತೆ, ತೆಗೆಯೋ ಹಾಗಿಲ್ಲ, ಹುದ್ದೆ ಇಳಿಸೋ ಹಾಗಿಲ್ಲ, ಆ ಕೆಲಸ ಆಗದಿದ್ರೆ ಅದೇ ವೇತನ ಶ್ರೇಣಿಯ ಬೇರೆ ಕೆಲಸ ಕೊಡಬೇಕು. 2021ರ ಡಿಸೆಂಬರ್‌ನಲ್ಲಿ ಸಿಆರ್‌ಪಿಎಫ್ ಅಧಿಕಾರಿಯೊಬ್ಬರ ಕೇಸಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯ್ತು, ನಡತೆ ತಪ್ಪು ಅಂತ ವಿಚಾರಣೆ ಹೂಡೋವಾಗ ಆ ನಡತೆಗೆ ಕಾಯಿಲೆಯೂ ಒಂದು ಕಾರಣ ಆಗಿದ್ರೆ ಆ ವಿಚಾರಣೇನೇ ತಾರತಮ್ಯ ಅಂತ ಹೇಳ್ತು. ಖಾಸಗಿಯವರಿಗೆ ಈ ರಕ್ಷಣೆ ಇಷ್ಟು ಗಟ್ಟಿ ಇಲ್ಲ, ಆದ್ರೆ 20 ಅಥವಾ ಹೆಚ್ಚು ಜನ ಕೆಲಸ ಮಾಡೋ ಕಡೆ ಸಮಾನ ಅವಕಾಶ ನೀತಿ ಬರೆದು ಪ್ರಕಟ ಮಾಡಬೇಕು, ಅದನ್ನ ಕೇಳಿ ಪಡೀರಿ.

ಇಎಸ್‌ಐ (ಕಾರ್ಮಿಕರ ವಿಮೆ) ಇರೋರಿಗೆ ಒಂದು ಮಾತು, ಬಹಳ ಜನಕ್ಕೆ ಗೊತ್ತೇ ಇಲ್ಲ. ದೀರ್ಘ ಕಾಯಿಲೆಗಳ ಪಟ್ಟೀಲಿ ಸ್ಕಿಜೋಫ್ರೀನಿಯಾ ತರದ ಕಾಯಿಲೆಗಳೂ ಇವೆ, ಎರಡು ವರ್ಷ ಸರ್ವೀಸ್, ಅದರಲ್ಲಿ 156 ದಿನದ ವಂತಿಗೆ ಕಟ್ಟಿದ್ರೆ ರಜೇಲಿದ್ದಾಗ ಸಂಬಳದ 80% ಸಿಗುತ್ತೆ, ಎರಡು ವರ್ಷದವರೆಗೂ. ಸಾಮಾನ್ಯವಾಗಿ 21,000 ಸಂಬಳದವರೆಗೆ ಇಎಸ್‌ಐ, ಅಂಗವೈಕಲ್ಯ ಇರೋರಿಗೆ 25,000ದವರೆಗೆ. ರಾಜೀನಾಮೆ ಬರೆದುಕೊಡೋಕೆ ಮುಂಚೆ ಇದನ್ನ ನೋಡಿ, ಕಾಯಿಲೆ ಜೋರಾಗಿರೋ ವಾರದಲ್ಲಿ ಬರೆದುಕೊಟ್ಟ ರಾಜೀನಾಮೆಗೆ ಆಮೇಲೆ ಅಳೋರನ್ನ ತುಂಬಾ ನೋಡಿದೀನಿ.

## ಸ್ವಲ್ಪ ಆಳದ ಪ್ರಶ್ನೆಗಳು

“ಇದೆಲ್ಲ ಬೆಂಗಳೂರಿಗೆ ಸರಿ, ಹಳ್ಳೀಲಿ ಎಲ್ಲಿ ಓನರ್, ಎಲ್ಲಿ ಇಂಟರ್‌ವ್ಯೂ?”

ಹಳ್ಳೀಲಿ ಕೆಲವು ವಿಷ್ಯ ಸುಲಭ. ತೀರ್ಥಹಳ್ಳಿ ತಾಲೂಕಲ್ಲಿ ನಿಮ್ಹಾನ್ಸ್‌ನವರು ಸ್ಕಿಜೋಫ್ರೀನಿಯಾ ಇರೋರನ್ನ ಮನೆ ಮನೇಲಿ ಹುಡುಕಿ, ಚಿಕಿತ್ಸೆ ಕೊಡಿಸಿ ವರ್ಷಗಟ್ಟಲೆ ಹಿಂದೆ ಬಿದ್ದು ನೋಡ್ಕೊಂಡಿದಾರೆ, ತುರುವೇಕೆರೇಲೂ ಆ ಕೆಲಸ ನಡೆದಿದೆ, ಚಿಕಿತ್ಸೆ ಸಿಕ್ಕವರ ಅಶಕ್ತತೆ ಚೆನ್ನಾಗಿಯೇ ಇಳಿದಿದೆ. ತೋಟ ಗದ್ದೇಲಿ ಕೆಲಸಕ್ಕೆ ಗಡಿಯಾರ ಸಡಿಲ, ಇವತ್ತು ಆಗದಿದ್ರೆ ನಾಳೆ. ಕಷ್ಟ ಇರೋದು ಕೂಲಿ ವಿಷ್ಯದಲ್ಲಿ, ಊಟ ಹಾಕ್ತೀವಲ್ಲ ಅಂತ ದಿನಪೂರ್ತಿ ದುಡಿಸ್ಕೊಂಡು ಕಾಸು ಕೊಡದೇ ಇರೋದು, ಅಣ್ಣ ತಮ್ಮಂದಿರೇ ಹೀಗೆ ಮಾಡ್ತಾರೆ. ಹಳ್ಳೀಲಿ ನಮ್ಮ ಅರ್ಧ ಕೆಲಸ ಬೇರೆಯವರಿಗೆ ಕೊಡೋ ಕೂಲಿಯನ್ನೇ ಇವರಿಗೂ, ಇವರ ಹೆಸರಿನ ಪಾಸ್‌ಬುಕ್ಕಿಗೆ ಕೊಡಿಸೋದು.

“ನಾನು ಎಂಎಸ್‌ಡಬ್ಲ್ಯೂ ಮಾಡಿದೀನಿ, ನಮ್ಮ ಸಂಸ್ಥೇಲಿ ಐಪಿಎಸ್ ಶುರು ಮಾಡಬೇಕು. ಎಲ್ಲಿ ಎಡವುತ್ತೀವಿ?”

ಮೂರು ಕಡೆ. ಒಂದು, ಒಬ್ಬರಿಗೆ 20ಕ್ಕಿಂತ ಹೆಚ್ಚು ಜನರನ್ನ ಕೊಡಬಾರದು, ನಮ್ಮಲ್ಲಿ ಅರವತ್ತು ಕೊಟ್ಟು ಮೇಲೆ ಕ್ಯಾಂಪ್ ರಿಪೋರ್ಟ್, ದತ್ತಾಂಶ ಎಂಟ್ರಿ, ಮೀಟಿಂಗ್ ಫೋಟೋ ಎಲ್ಲ ಅವರ ತಲೆಗೇ ಕಟ್ತೀವಿ. ಕೆಲಸ ಹುಡುಕೋರು ಬರೀ ಅದನ್ನೇ ಮಾಡಬೇಕು, ವಾರದ ಹೆಚ್ಚು ಹೊತ್ತು ಆಫೀಸಿನ ಹೊರಗೇ ಇರಬೇಕು. ಎರಡು, ಆಯ್ಕೆ. ‘ಇವರು ರೆಡಿ ಇಲ್ಲ’ ಅಂತ ನಾವೇ ಗೇಟ್ ಹಾಕಿಬಿಡ್ತೀವಿ, ಕೆಲಸ ಬೇಕು ಅಂದವರನ್ನ ಕಾಯಿಲೆ ಹೆಸರು ನೋಡಿ, ಕುಡಿತ ನೋಡಿ ವಾಪಸ್ ಕಳಿಸೋ ಹಾಗಿಲ್ಲ ಅನ್ನೋದು ಈ ಪದ್ಧತಿಯ ಜೀವಾಳ. ನಡೆಸೋದು ಎಷ್ಟು ಸರಿ ಇದೆ ಅಂತ ಅಳೆಯೋಕೆ 25 ಅಂಶದ ಒಂದು ಮಾಪನ ಇದೆ, ವರ್ಷಕ್ಕೊಮ್ಮೆ ಹೊರಗಿನವರಿಂದ ಮಾಡಿಸಿ.

ಮೂರನೇದು ದುಡ್ಡು ಕೊಡೋರ ಲೆಕ್ಕ. ಅವರಿಗೆ ‘ಎಷ್ಟು ಜನಕ್ಕೆ ಕೆಲಸ ಸಿಕ್ತು’ ಬೇಕು, ಸಿಕ್ಕ ದಿನಕ್ಕೆ ಫೈಲ್ ಮುಚ್ತಾರೆ. ನಿಮ್ಮ ರಿಜಿಸ್ಟರ್‌ನಲ್ಲಿ ಸೇರಿದ ತಾರೀಖಿನ ಪಕ್ಕ ಇನ್ನೊಂದು ಕಾಲಂ ಎಳೀರಿ, ಸೇರಿದ ಮೇಲೆ ಎಷ್ಟು ಸಲ ಹೋಗಿ ನೋಡಿದ್ರಿ ಅಂತ. ಮೊದಲ ವಾರ ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಮ್ಮೆ, ಆಮೇಲೆ ಸಂಬಳ ಆದ ಮಾರನೇ ದಿನ. ಆ ಹಾರ್ಡ್‌ವೇರ್ ಅಂಗಡಿಗೆ ನಾನು ಈಗಲೂ ತಿಂಗಳಿಗೊಮ್ಮೆ ಹೋಗ್ತೀನಿ, ಅಲ್ಲಿ ವಿಂಗಡಿಸೋಕೆ ಸೇರಿದವರು ಡಬ್ಬಗಳ ಮೇಲೆಲ್ಲ ಕನ್ನಡದಲ್ಲಿ ಅಳತೆ ಬರೆದು ಅಂಟಿಸಿದಾರೆ, ಎಂಟು ಗಂಟೆ ಕೆಲಸ ಮಾಡ್ತಾರೆ, ನನ್ನ ನಂಬರ್‌ನ ಪ್ರತಿ ವರ್ಷ ಹೊಸ ಕ್ಯಾಲೆಂಡರ್‌ಗೆ ಅವರೇ ಬರೆದುಕೊಳ್ತಾರೆ.